ಒಂಬತ್ತು ಬಾವಿಗೆ ಒಂದು ಹಗ್ಗ

ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಹೊರಡುವವನು ನಾನು. ಅದಕ್ಕೇ ಇರಬೇಕು, ಲೆಕ್ಕಕ್ಕೆ ಸಿಗದಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ವಾರಕ್ಕೊಂದರಂತೆ ಬಂದರೆ ನಾನು ಬರೆದಿಡುವುದಿಲ್ಲ. ಇವು ಒಂದೇ ಹಗಲಿನಲ್ಲಿ ನಾಲ್ಕು ಬಂದವು.

ಮೊದಲು ಸಂದರ್ಭ ಹೇಳುತ್ತೇನೆ. ಹೈದರಾಬಾದಿನಲ್ಲಿ ನಾಲ್ಕು ವರ್ಷ ವಿಜ್ಞಾನ ಓದಿ, ಬಿ.ಎಸ್ಸಿ. ಪಾಸಾಗಿ ಕುಷ್ಟಗಿಗೆ ಬಂದೆ. ಊರಿನಲ್ಲಿ ನನಗೆ ಮೂವರು ಗೆಳೆಯರು. ಒಬ್ಬ ಸಾಲಿ ಮಾಸ್ತರ, ಒಬ್ಬ ಕಿರಾಣಿ ಅಂಗಡಿಕಾರ, ಒಬ್ಬ ಹೊಲ ಉಳುವ ಒಕ್ಕಲಿಗ. ನಾಲ್ವರೂ ಒಂದೇ ಓಣಿಯಲ್ಲಿ ಬೆಳೆದವರು. ನಾನು ಓದಲು ಹೊರಟಾಗ, "ಹೋಗಲೇ ಮಂಗ್ಯಾ, ಪೀಡಾ ಹೋತು" ಎಂದು ಕಳಿಸಿದ್ದರು. ಪಾಸಾಗಿ ಬಂದಾಗ, "ಬರ್ರಿ, ಕುಂದರ್ರಿ" ಎಂದರು. ನನ್ನನ್ನು ಕಂಡರೆ ಎದ್ದು ನಿಂತರು. ಸೇದುತ್ತಿದ್ದ ಬೀಡಿ ಆರಿಸಿದರು. ಮೂರು ತಿಂಗಳು ಮಾಳಿಗೆಯ ಮೇಲೆ ಒಬ್ಬನೇ ಮಲಗಿ ನಕ್ಷತ್ರ ಗುರುತಿಸಿದೆ. ಗುರುತಿಸಿದ್ದನ್ನು ಯಾರಿಗೆ ಹೇಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಹೈದರಾಬಾದಿನಲ್ಲಿಯೇ ನೌಕರಿ ಸಿಕ್ಕಿತು. ಹೊರಡಲು ಎಂಟು ದಿನ ಉಳಿದಿತ್ತು. "ನಾಲ್ಕೂ ಮಂದಿ ಕನಕಗಿರಿಗೆ ನಡಕೊಂತ ಹೋಗೂಣು" ಎಂದೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಮೋಟಾರು ನಿಂತಿತ್ತು, ಆದ್ದರಿಂದ ಯಾರೂ ಕಾರಣ ಕೇಳಲಿಲ್ಲ. ಅದು ಪೂರ್ತಿ ಒಂದು ಹಗಲಿನ ದಾರಿ. ಕಲ್ಲು, ಕೆಂಪು ಮಣ್ಣು, ಬಿಸಿಲು ಬಿಟ್ಟರೆ ಏನೂ ಇಲ್ಲದ ಬಯಲು. ಕನಕಗಿರಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಸಂಜೆಯೊಳಗೆ ಈ ಮೂವರಲ್ಲಿ ಒಬ್ಬನಾದರೂ ನನ್ನನ್ನು ಮೊದಲಿನ ಹಾಗೆ ಬೈಯಬೇಕು, ಅಷ್ಟೇ ನನಗೆ ಬೇಕಾಗಿದ್ದುದು.

೧. ಗಂಟಿನ ತೂಕ

ಹಿಂದಿನ ದಿನ ಅಂಗಡಿಕಾರನ ತಕ್ಕಡಿಯಲ್ಲಿ ಸಾಮಾನನ್ನೆಲ್ಲ ತೂಗಿದೆ. ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ, ನೀರಿನ ಚರ್ಮದ ಚೀಲ, ತಂಬಿಗೆ, ಹಗ್ಗ. ಒಂದು ಹಗಲಿನ ದಾರಿಗೆ ಬೇರೆ ಬಟ್ಟೆ ಬೇಡವೆಂದು ತೆಗೆಸಿದೆ.

ಉಳಿದದ್ದರಲ್ಲಿ ಹಗ್ಗವೇ ಭಾರ. ಆ ಬಯಲಿನ ಬಾವಿಗಳ ಮೇಲೆ ಯಾರೂ ಹಗ್ಗ ಬಿಟ್ಟುಹೋಗುವುದಿಲ್ಲ, ದಾರಿಕಾರರು ತಮ್ಮದನ್ನು ತಾವೇ ಒಯ್ಯಬೇಕು. ದಾರಿಯಲ್ಲಿ ಒಂಬತ್ತು ಬಾವಿ. ಬಂಡಿಯವರನ್ನು ಕೇಳಿ ಒಂದೊಂದರ ಆಳ ಬರೆದುಕೊಂಡೆ. ಕೂಡಿಸಿ ಒಂಬತ್ತರಿಂದ ಭಾಗಿಸಿದೆ. ಬಂದ ಸರಾಸರಿಗೆ ಮೂರು ಮೊಳ ಹೆಚ್ಚಿಗೆ ಸೇರಿಸಿ, ಹಗ್ಗ ಅಳೆದು ಕೊಯ್ದೆ. ಒಕ್ಕಲಿಗ ಗೆಳೆಯ ನನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಬಾಯಿ ತೆರೆದ, ಮುಚ್ಚಿದ.

ಆಮೇಲೆ ಎಲ್ಲವನ್ನೂ ನಾಲ್ಕು ಸಮಪಾಲು ಮಾಡಿ ಗಂಟು ಕಟ್ಟಿಸಿದೆ. ಮರುದಿನ ಕೋಳಿ ಕೂಗುವ ಹೊತ್ತಿಗೆ ಹೊರಟೆವು. ಎರಡು ಮೈಲಿ ನಡೆದರೂ ನನ್ನ ಹೆಗಲು ನೋಯಲಿಲ್ಲ. ಸಂಶಯ ಬಂದು ಗಂಟು ಬಿಚ್ಚಿದೆ. ಒಳಗೆ ಒಂದು ನಿಂಬೆಹಣ್ಣು ಮಾತ್ರ.

"ನನ್ನ ಪಾಲು ಎಲ್ಲಿ?" ಎಂದೆ.

"ಓದಿದವ್ರು ಹೊರಬಾರದ್ರಿ. ನಾವ ಹಂಚ್ಕೊಂಡೀವಿ" ಎಂದ ಅಂಗಡಿಕಾರ.

"ನಿಂಬಿಹಣ್ಣು ಯಾಕ?"

"ಖಾಲಿ ಗಂಟು ಕೊಟ್ರ ನಿಮಗ ಬ್ಯಾಸರ ಆದೀತು ಅಂತರಿ."

೨. ನಗೆಯ ನಿಯಮ

ನಾನು ಮುಂದೆ, ಅವರು ಮೂವರು ಹಿಂದೆ. ಮಾತಿಲ್ಲ. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. "ಮುಂದ ನಡೀರಿ, ನಾ ಬರ್ತೀನಿ" ಎಂದು ಬೂಟಿನೊಳಗೆ ಕಲ್ಲು ಹೊಕ್ಕ ನೆಪ ಮಾಡಿ ಕೂತೆ. ಅವರು ಸ್ವಲ್ಪ ದೂರ ಹೋದದ್ದೇ ತಡ, ದೊಡ್ಡ ನಗೆ ಕೇಳಿಸಿತು. ಮಾಸ್ತರ ಯಾರದೋ ನಡಿಗೆ ಅಣಕಿಸುತ್ತಿದ್ದ. ಓಡಿ ಹೋಗಿ ಸೇರಿಕೊಂಡೆ. ಮಾಸ್ತರನ ಕಾಲು ನೆಟ್ಟಗಾಯಿತು.

ಇದು ಅಭ್ಯಾಸ ಮಾಡಬೇಕಾದ ವಿಷಯ ಅನಿಸಿತು. ಮತ್ತೆ ಹಿಂದುಳಿದು, ಹೆಜ್ಜೆ ಎಣಿಸುತ್ತ ಮೆಲ್ಲಗೆ ಹತ್ತಿರ ಬಂದೆ. ನಲವತ್ತು ಹೆಜ್ಜೆಯ ಅಂತರದಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದರು. ಇಪ್ಪತ್ತಕ್ಕೆ ದನಿ ತಗ್ಗಿತು. ಹತ್ತಕ್ಕೆ ಒಕ್ಕಲಿಗ, "ಮಳಿ ಹೆಂಗರಿ ಈ ಸಲ?" ಎಂದು ಮಾಸ್ತರನನ್ನೇ ಬಹುವಚನದಲ್ಲಿ ಕೇಳಿದ.

ಮೂರು ಸಲ ಪ್ರಯೋಗ ಮಾಡಿದೆ. ಮೂರು ಸಲವೂ ಫಲಿತಾಂಶ ಒಂದೇ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಯಾವ ಪ್ರಯೋಗವೂ ಇಷ್ಟು ಸರಿಯಾಗಿ ಬಂದಿರಲಿಲ್ಲ.

೩. ನೆರಳು

ಹಳ್ಳದ ದಂಡೆಯ ಬಾವಿಯಲ್ಲಿ ನೀರು ಸೇದಿದೆವು. ಹಗ್ಗ ಅರ್ಧ ಮಿಕ್ಕಿತು. ನನ್ನ ಲೆಕ್ಕಕ್ಕೆ ನಾನೇ ತಲೆದೂಗಿದೆ. ಮುಂದೆ ನಡು ಹಗಲಿಗೆ ಒಂದು ಜಾಲಿ ಗಿಡ ಸಿಕ್ಕಿತು. ಕಣ್ಣು ಹಾಯುವಷ್ಟು ದೂರ ಅದೊಂದೇ ಗಿಡ. ಅದರ ನೆರಳು ಒಬ್ಬನಿಗೆ ಸಾಲುವಷ್ಟಿತ್ತು.

"ನೀವು ಕುಂದರ್ರಿ" ಎಂದು ಮೂವರೂ ನನ್ನನ್ನು ನೆರಳಿಗೆ ತಳ್ಳಿ, ತಾವು ಬಿಸಿಲಿನಲ್ಲಿ ಕೂತು ರೊಟ್ಟಿ ಬಿಚ್ಚಿದರು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಬಿಸಿಲಿಗೆ ಕೂತೆ.

"ಮಾಸ್ತರ, ನೀ ನೆರಳಿಗೆ ಹೋಗು" ಎಂದೆ.

"ನೀವು ಬಿಸಲಾಗ ಕುಂತು, ನಾ ನೆರಳಾಗ ಕುಂದರ್ಲೇನ್ರಿ? ಮಂದಿ ಏನಂದಾರು?"

ಸುತ್ತ ಮೂರು ಮೈಲಿ ಮಂದಿ ಇರಲಿಲ್ಲ. ಆದರೂ ಮಂದಿಗೆ ಅಂಜಿ ನಾಲ್ವರೂ ಬಿಸಿಲಿನಲ್ಲಿ ಕೂತು ಗುರೆಳ್ಳು ಚಟ್ನಿ ತಿಂದೆವು. ಬೆವರು ರೊಟ್ಟಿಯ ಮೇಲೆ ಬೀಳುತ್ತಿತ್ತು. ಅಷ್ಟರಲ್ಲಿ ಕುರಿಹಿಂಡಿನದೊಂದು ನಾಯಿ ಎಲ್ಲಿಂದಲೋ ಬಂತು. ಖಾಲಿ ನೆರಳು ನೋಡಿತು, ನಮ್ಮನ್ನು ನೋಡಿತು, ನೆರಳಿನ ನಟ್ಟನಡುವೆ ಕಾಲು ಚಾಚಿ ಮಲಗಿತು.

"ನೋಡ್ರಿ, ಅದಕ್ಕ ಮರ್ಯಾದಿ ಇಲ್ಲ" ಎಂದ ಮಾಸ್ತರ. ಆ ಹೊತ್ತಿನಲ್ಲಿ ಆ ಬಯಲಿನಲ್ಲಿ ಸುಖವಾಗಿದ್ದದ್ದು ಅದೊಂದೇ.

೪. ಸರಾಸರಿ

ಊಟದ ಹೊತ್ತಿಗೇ ಚೀಲದ ನೀರು ಮುಗಿದಿತ್ತು. ಮುಂದಿನ ಬಾವಿ ಮರಡಿಯ ಮೇಲೆ, ಕಲ್ಲುಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಮುಟ್ಟುವಾಗ ಮಾಸ್ತರನ ತುಟಿ ಬಿಳಿಚಿತ್ತು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಇಳಿಯಲು ಮೆಟ್ಟಿಲಿಲ್ಲ. ತಂಬಿಗೆ ಕಟ್ಟಿ ಹಗ್ಗ ಬಿಟ್ಟೆವು. ಹಗ್ಗ ಮುಗಿಯಿತು. ನೀರು ಇನ್ನೂ ಕೆಳಗೆ, ಒಂದು ರೂಪಾಯಿಯ ನಾಣ್ಯದಷ್ಟು ಕಾಣುತ್ತಿತ್ತು.

ಒಕ್ಕಲಿಗ ಮೆಲ್ಲಗೆ, "ಇದು ಆಳದ ಬಾವಿರಿ" ಎಂದ.

"ನಿನಗ ಮೊದಲ ಗೊತ್ತಿತ್ತೇನು?"

"ನೀವು ಹಗ್ಗ ಕೊಯ್ಯೂ ಮುಂದನ ಗೊತ್ತಿತ್ರಿ."

"ಮತ್ಯಾಕ ಹೇಳಲಿಲ್ಲ?"

"ಬಿ.ಎಸ್ಸಿ. ಆದವ್ರು ಕೊಯ್ಯಾಕ ಹತ್ಯಾರ ಅಂದಮ್ಯಾಲ ಏನರ ಇರಬೇಕು ಅಂತ ಸುಮ್ನಾದ್ನಿರಿ."

ಆಗಲೂ ಅವನು ಬೈಯಲಿಲ್ಲ. ಬಾಯಾರಿಕೆಗಿಂತ ಅದು ಹೆಚ್ಚು ಸುಟ್ಟಿತು.

ಮೂವರ ರುಮಾಲು ಬಿಚ್ಚಿ ಹಗ್ಗದ ಮೇಲಿನ ತುದಿಗೆ ಗಂಟು ಹಾಕಿದೆವು. ಸಾಲಲಿಲ್ಲ. ಮೂವರ ಧೋತರ ಕಟ್ಟಿದೆವು. ಅಂಗಡಿಕಾರನದು ಅವನ ಮಾವ ಕೊಟ್ಟ ಹೊಸ ಜರಿಯಂಚಿನ ಧೋತರ. ಇನ್ನೂ ಎರಡು ಮೊಳ ಸಾಲದು. ಉಳಿದದ್ದು ನನ್ನ ಪಾಟಲೂನು. ಬಿಚ್ಚಿದೆ. ಅದರ ಒಂದು ಕಾಲನ್ನು ಜರಿಯ ಧೋತರಕ್ಕೆ ಗಂಟು ಹಾಕುವಾಗ ಒಕ್ಕಲಿಗ ಕೈ ಮುಂದೆ ಚಾಚಿದ. "ಇರ್ಲಿ ಬಿಡು. ಗಂಟಿನ ಬಗ್ಗೆ ನಾನು ಓದೀನಿ" ಎಂದೆ. ಅವನು ಮರ್ಯಾದೆಯಿಂದ ಕೈ ಹಿಂದೆ ತೆಗೆದ.

ತಂಬಿಗೆ ನೀರು ಮುಟ್ಟಿತು. ತುಂಬಿತು. ಭಾರವಾಯಿತು. ಗಂಟು ಬಿಚ್ಚಿಕೊಂಡಿತು.

ಹಗ್ಗ, ತಂಬಿಗೆ, ಮೂರು ರುಮಾಲು, ಮೂರು ಧೋತರ ಒಂದರ ಹಿಂದೊಂದು ಕೆಳಗಿಳಿದವು. ನನ್ನ ಕೈಯಲ್ಲಿ ನನ್ನ ಪಾಟಲೂನು ಮಾತ್ರ ಉಳಿಯಿತು.

ನೀರಿನ ಸದ್ದು ಕೆಳಗಿನಿಂದ ಬಂದ ಮೇಲೆ ಒಕ್ಕಲಿಗ ಲಂಗೋಟಿಯಲ್ಲಿ ನಿಂತು ನನ್ನ ಕಡೆ ತಿರುಗಿದ.

"ಲೇ ಹುಚ್ಚಪ್ಯಾಲಿ!" ಎಂದ. "ಒಂಬತ್ತು ಬಾವಿ ಕೂಡಿಸಿ ಭಾಗಾಕಾರ ಮಾಡಾಕ ಅವೇನು ನಿಮ್ಮಪ್ಪನ ಆಸ್ತಿ ಏನಲೇ?"

"ನಮ್ಮ ಮಾವಗ ಏನಂತ ಹೇಳ್ಲೋ ಖೋಡಿ!" ಎಂದು ಅಂಗಡಿಕಾರ ಬಾವಿಯೊಳಗೆ ಬಗ್ಗಿ ನೋಡುತ್ತ ಕೂಗಿದ.

"ಮೂರನೇತ್ತಾ ಹುಡುಗೂರು ಇದಕ್ಕಿಂತ ಛಲೋ ಗಂಟ ಹಾಕ್ತಾವ! ನಿನ್ನ ಬಾಕಿನ ಮ್ಯಾಲ ನಿಂದ್ರಿಸಿ ಬಡೀಬೇಕು!" ಎಂದ ಮಾಸ್ತರ.

ನಾನು ಪಾಟಲೂನು ಎದೆಗೆ ಅವುಚಿಕೊಂಡು ನಗತೊಡಗಿದೆ. ನಗು ಕಂಡು ಅವರಿಗೆ ಇನ್ನೂ ಸಿಟ್ಟು ಬಂತು. ನನ್ನ ಓದು, ನನ್ನ ಬೂಟು, ನನ್ನ ಮೂಗು, ಯಾವುದನ್ನೂ ಬಿಡದೆ ಬೈದರು. ನಾಲ್ಕು ವರ್ಷದ ಬಾಕಿ ಬೈಗುಳವೆಲ್ಲ ಬಂತು. ನನ್ನ ಕಣ್ಣಲ್ಲಿ ನೀರು ಬಂತು. ನೀರಿಲ್ಲದ ಆ ಜಾಗದಲ್ಲಿ ಅದು ಹೇಗೆ ಬಂತೋ ಗೊತ್ತಿಲ್ಲ.

ಅಷ್ಟರಲ್ಲಿ ಮರಡಿಯ ಆಚೆಯಿಂದ ಒಬ್ಬ ಮುದುಕಿ ಬಂದಳು. ಹೆಗಲ ಮೇಲೆ ಉದ್ದನೆಯ ಹಗ್ಗ, ಹಿಂದೆ ಕೊಡ ಹೊತ್ತ ನಾಲ್ಕು ಹೆಂಗಸರು. ಮೂವರು ಗೆಳೆಯರು ಹಾರಿ ಕಲ್ಲಿನ ಗುಂಪಿನ ಹಿಂದೆ ಅಡಗಿದರು. "ನಿನಗ ಒಬ್ಬಗ ಅರಿವಿ ಐತಿ, ನೀನ ಮಾತಾಡಲೇ" ಎಂಬ ದನಿ ಬಂತು. ಅವಸರದಲ್ಲಿ ಪಾಟಲೂನು ಏರಿಸಿ ಎದ್ದು ನಿಂತೆ. ಆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳಿದೆ.

ಮುದುಕಿ ಬಾವಿಗೆ ಬಗ್ಗಿ ನೋಡಿದಳು. ತೇಲುತ್ತಿದ್ದ ಜರಿಯಂಚು ನೋಡಿದಳು. "ಹಗ್ಗ ಕೊಯ್ದಾಂವ ಯಾರು?" ಎಂದಳು. ಕಲ್ಲಿನ ಹಿಂದಿನಿಂದ ಮೂರು ಕೈ ಮೇಲೆದ್ದು ನನ್ನ ಕಡೆ ತೋರಿಸಿದವು.

"ಏನು ಓದೀಯೋ ಯಪ್ಪಾ?"

"ಬಿ.ಎಸ್ಸಿ. ಪಾಸಾಗೀನಿ, ಯವ್ವಾ."

ಮುದುಕಿ ಒಂದು ಕೊಡ ಸೇದಿ, ನನ್ನ ಬೊಗಸೆಗೆ ನೀರು ಹೊಯ್ಯುತ್ತ ಅಂತಃಕರಣದಿಂದ ಹೇಳಿದಳು:

"ಸಾಕು, ಇಲ್ಲಿಗೇ ನಿಲ್ಸಪ್ಪಾ. ಇನ್ನೊಂದು ಪರೀಕ್ಷಾ ಪಾಸಾದ್ರ ಊರಾಗ ಯಾರ ಮೈಮ್ಯಾಲೂ ಅರಿವಿ ಉಳಿಯಂಗಿಲ್ಲ."