ಸೋಮನಾಥನ ಸೆಟ್ಟಿಂಗು

ವರ್ಷಗಟ್ಟಲೆ ಗೋಗರೆದ ಮೇಲೆ ಸೋಮನಾಥನ ಮೇಜಿಗೆ ಹೊಸ ಕಂಪ್ಯೂಟರ್ ಬಂತು. ಕೆಂಪಾಪುರದ ಆ ಬಿಲ್ಡರ್ ಆಫೀಸಿನಲ್ಲಿ ಇದೇನು ಸಣ್ಣ ಸಂಗತಿಯೇ? ಮಾಲೀಕ ಅನಂತರಾಜು ಸಾಲಾಗಿ ಅಪಾರ್ಟ್‌ಮೆಂಟ್ ಎಬ್ಬಿಸಿದವನು ನಿಜ, ಆದರೆ ಆಫೀಸಿಗೊಂದು ಫ್ಯಾನು ಕೊಳ್ಳಬೇಕೆಂದರೆ ಅವನ ಜೀವ ಬಾಯಿಗೆ ಬರುತ್ತಿತ್ತು.

"ಸಂಜೆ ಬಂದ್ ನೋಡ್ತೀನಿ. ಇದೂ ತೆವಳ್ಕೊಂಡ್ ಓಡ್ತು ಅಂದ್ರೆ ಅಂಗಡಿಗೆ ವಾಪಸ್, ಅಷ್ಟೇಯ!" ಎಂದು ಗದರಿ ಅವನು ಸೈಟಿಗೆ ಹೊರಟ.

ಸೋಮನಾಥ ಖುಷಿಯಿಂದ ಬಟನ್ ಒತ್ತಿದ. ಅಕ್ಷರ ನೋಡಿದರೆ ಇರುವೆಯಷ್ಟು. ಕನ್ನಡ ಟೈಪಿಂಗ್ ನಾಪತ್ತೆ. ಪರದೆಯ ಮೇಲಿರಬೇಕಾದ ಅವನೂರಿನ ಜೋಳದ ಹೊಲದ ಫೋಟೋವೂ ಇಲ್ಲ.

"ನನ್ನ ಸೆಟ್ಟಿಂಗ್ ಒಂದೂ ಇಲ್ಲಲ್ರೀ!" ಪಾಪ, ಅಳುವುದೊಂದೇ ಬಾಕಿ.

ಪಕ್ಕದ ಮೇಜಿನ ಮೋನಿಕಾ ಕುರ್ಚಿ ಸಮೇತ ಉರುಳಿಕೊಂಡು ಬಂದಳು. "ಎಲ್ಲಾ ಹಳೇದ್ರಲ್ಲಿ ಒಂದ್ ಫೋಲ್ಡರಲ್ಲಿರುತ್ತೆ ಸರ್. ಬೇಕಾಗಿರೋದನ್ನ ಮಾತ್ರ ಆರಿಸಿ ಕಾಪಿ ಮಾಡ್ಕೊಳ್ಳಿ."

"ಆರ್ಸೋದೇನ್ ಬಂತು?" ಟೀ ಹೀರುತ್ತಿದ್ದ ಸೂಪರ್‌ವೈಸರ್ ಲಕ್ಕಣ್ಣ ಬಾಯಿ ಹಾಕಿದ. "ಮನೆ ಖಾಲಿ ಮಾಡೋವಾಗ ಪಾತ್ರೆ ಪಗಡ ಆರಿಸ್ಕೊಂಡ್ ಕೂರ್ತೀರಾ? ಒಟ್ಟಿಗೆ ತುಂಬ್ಕೊಂಡ್ ಬನ್ನಿ ಗುರುವೇ!"

ಸೋಮನಾಥನಿಗೆ ಲಕ್ಕಣ್ಣನ ಮಾತೇ ಹಿಡಿಸಿತು. ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಸುರಿದು ಹೊಸದಕ್ಕೆ ತುಂಬಿದ. ಈ ಗಲಾಟೆಯಲ್ಲಿ ರೊಟ್ಟಿ ಡಬ್ಬಿಯನ್ನೂ ಬಿಚ್ಚಲಿಲ್ಲ. ಅಷ್ಟರಲ್ಲಿ ಮೋನಿಕಾ, "ನನ್ನ ಡಬ್ಬಾ ಕಂಪ್ಯೂಟರ್‌ಗಿಂತ ಇದೇ ವಾಸಿ" ಎಂದು ಅವನ ಹಳೆಯದನ್ನು ತನ್ನ ಮೇಜಿಗೆ ಎಳೆದುಕೊಂಡು, ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಸೆಟ್ ಮಾಡಿಕೊಂಡಳು.

ಸಂಜೆ ಅನಂತರಾಜು ಬಂದ. ಸೋಮನಾಥ ಎದೆಯುಬ್ಬಿಸಿ ಬಟನ್ ಒತ್ತಿದ. ಜೋಳದ ಹೊಲ ಬಂತು. ದಪ್ಪಕ್ಷರ ಬಂತು. ಹಿಂದೆಯೇ ಪಂಚಾಂಗ, ಕ್ರಿಕೆಟ್ ಸ್ಕೋರು, ಹವಾಮಾನ, ರೈಲಿನ ವೇಳೆ, ವಧುವರರ ಪುಟ... ತಾನಾಗಿ ತೆರೆಯಲಿ ಎಂದು ಅವನು ಯಾವ ಕಾಲದಲ್ಲೋ ಮಾಡಿಟ್ಟು ಮರೆತದ್ದೆಲ್ಲ ಒಂದರ ಮೇಲೊಂದು ಬಿತ್ತು. ಮೌಸು ಅಲ್ಲಾಡಲಿಲ್ಲ.

"ಒಂದ್ ನಿಮಿಷ ತಡೀರಿ ಸರ್, ಬರ್ತದ..."

"ಇದೂ ಇಂಗೇನಾ?" ಅನಂತರಾಜು ಕೆರಳಿದ. ಅತ್ತ ಮೋನಿಕಾ ಫ್ಲ್ಯಾಟಿನ ನಕ್ಷೆಗಳನ್ನು ಚಕಚಕನೆ ಪ್ರಿಂಟ್ ತೆಗೆಯುತ್ತಿದ್ದಳು. "ಅದ್ಯಾವ್ದಮ್ಮಾ, ಅಂಗೆ ಓಡ್ತಾ ಐತೆ?"

"ಸೋಮನಾಥ್ ಸರ್‌ದು ಹಳೇದು ಸರ್."

"ನೋಡ್ದಾ! ಲಕ್ಕಣ್ಣ, ಹೊಸದು ಅಂಗಡಿಗೆ ವಾಪಸ್ ಹೋಗ್ಲಿ."

ಸೋಮನಾಥ ಕೈ ಮುಗಿದ. "ಹಂಗಾರ ನನ್ನ ಹಳೇದರ ಕೊಡಸ್ರೀ ಸರ್!"

"ಅದು ಆಯಮ್ಮನ ಹತ್ರ ಚೆನ್ನಾಗ್ ಓಡ್ತೈತೆ, ಅಲ್ಲೇ ಇರ್ಲಿ. ಆಯಮ್ಮನ್ದು ನೀವ್ ತಗಳಿ."

ಮೋನಿಕಾ ಬಿಟ್ಟಿದ್ದ ಡಬ್ಬಾವನ್ನು ಲಕ್ಕಣ್ಣನೇ ಹೊತ್ತು ತಂದು, ವೈರು ಸಿಕ್ಕಿಸಿ, ಒಂದಷ್ಟು ಹೊತ್ತು ಅದೇನೋ ಕುಟ್ಟಿ, ಬೆವರು ಒರೆಸಿಕೊಂಡು ಸೋಮನಾಥನ ಭುಜ ತಟ್ಟಿದ.

"ಬೇಜಾರ್ ಮಾಡ್ಕೋಬೇಡಿ ಗುರುವೇ. ಪೆನ್‌ಡ್ರೈವಲ್ಲಿದ್ದ ನಿಮ್ ಸೆಟ್ಟಿಂಗು ಇದಕ್ಕೂ ಪೂರ್ತಿ ಹಾಕ್ಬಿಟ್ಟಿದೀನಿ!"