ಹದಿನೇಳನೇ ನಂಬರಿನ ಕಾರ್ನರ್ ಪ್ಲಾಟು

ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿದರೆ ಅದು ಪ್ಲಾಟ್ ಆಗುವುದಿಲ್ಲ. ಸುಣ್ಣ ಬಳಿದ ಕಲ್ಲುಗಳಿರುವ ಹೊಲ ಆಗುತ್ತದೆ. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದು, ಏಕೆಂದರೆ ಇದೇ ವಾರಪತ್ರಿಕೆಯ ಇದೇ ಮೂಲೆಯಲ್ಲಿ ನಾನು ಇದನ್ನು ಮೂರು ಸಲ ಬರೆದಿದ್ದೇನೆ. ಮೂರನೇ ಸಲ ಬರೆಯುವಾಗ ಸಿಟ್ಟಿನ ಭರಕ್ಕೆ ಹಾಳೆಯೇ ಹರಿದಿತ್ತು.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ಸವದತ್ತಿಯ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಓದಿದ್ದು ಏಳನೆಯ ಇಯತ್ತೆ. ಉಳಿದ ವಿದ್ಯೆಯನ್ನೆಲ್ಲ ಜನ ಜೆರಾಕ್ಸ್ ಮಾಡಿಸಲು ತಂದ ಕಾಗದಗಳನ್ನು ಕದ್ದು ಓದಿ ಸಂಪಾದಿಸಿದೆ. ಹೊಲದ ಪಹಣಿಯ ಉತಾರ, ಪಾಲು ಹಂಚುವ ವಾಟ್ನಿ ಪತ್ರ, ವಕೀಲರ ನೋಟಿಸು, ಎಲ್ಲವೂ ನನ್ನ ಕೈ ದಾಟಿ ಹೋಗಿವೆ. ಈ ತಾಲೂಕಿನ ಅಣ್ಣತಮ್ಮಂದಿರ ಜಗಳಗಳಲ್ಲಿ ನನ್ನ ಯಂತ್ರದ ಗಾಜಿನ ಮೇಲೆ ಒಮ್ಮೆಯಾದರೂ ಬೋರಲು ಮಲಗದ ಜಗಳವಿಲ್ಲ. ಆದ್ದರಿಂದ ಜಮೀನಿನ ವಿಷಯದಲ್ಲಿ ನಾನು ಸರ್ವಜ್ಞ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಬೇರೆ ಯಾರೂ ಮುಂದೆ ಬರಲಿಲ್ಲ, ಹಾಗಾಗಿ ನಾನೇ.

ಈ ಸಲ ದೀಪಾವಳಿ ಮುಗಿದ ಮೇಲೆ ನನ್ನ ಹೆಂಡತಿ ನಾಗರತ್ನಾಳ ಕೈಗೆ ದುಡ್ಡು ಬಂತು. ರಾಮದುರ್ಗದ ಕಡೆ ಅವಳ ತವರಿನ ಹೊಲ ಮಾರಾಟವಾಗಿ, ಅಣ್ಣಂದಿರು ಅವಳ ಪಾಲನ್ನು ಕೇಳುವ ಮೊದಲೇ ತಂದುಕೊಟ್ಟರು. ಇಪ್ಪತ್ತಾರು ವರ್ಷ ಜೆರಾಕ್ಸ್ ಮಾಡಿದ ನನಗೆ ಇಂಥ ಅಣ್ಣಂದಿರು ಇರುತ್ತಾರೆ ಎಂಬುದೇ ಹೊಸ ಸುದ್ದಿ. ನಾಗರತ್ನಾ ಮಾತ್ರ ಬ್ಯಾಂಕಿನ ಪಾಸ್‌ಬುಕ್ಕನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಅಪ್ಪನ ಹೊಲಾ ಇಷ್ಟ ಸಣ್ಣ ಪುಸ್ತಕದಾಗ ಹಿಡೀತೇನ್ರಿ" ಅಂದಳು.

ಆ ಕ್ಷಣವೇ ನಾನು ಎದ್ದುನಿಂತು ಘೋಷಿಸಿದೆ. "ಈ ದುಡ್ಡಿನ ಹೊಣಿ ನಂದು. ಎಲ್ಲಿ ಹಾಕಬೇಕೋ ಅಲ್ಲೇ ಹಾಕ್ತೇನಿ. ಈ ತಾಲೂಕಿನಾಗ ನನಗ ಟೋಪಿ ಹಾಕೂ ಮಗಾ ಇನ್ನೂ ಹುಟ್ಟಿಲ್ಲ."

"ಹುಟ್ಟಿದ್ರ ದಾಖಲಾತಿ ಜೆರಾಕ್ಸಿಗೆ ನಿಮ್ಮ ಅಂಗಡಿಗೇ ಬರ್ತಾನ ಬಿಡ್ರಿ" ಅಂದು ಅವಳು ಒಲೆಯ ಕಡೆ ಹೋದಳು.

ಒಂದು ವಾರ ನಮ್ಮ ಬಾಡಿಗೆ ಮನೆ ವಿಧಾನಸಭೆಯಾಯಿತು. ಆಡಳಿತ ಪಕ್ಷವೂ ನಾನೇ, ವಿರೋಧ ಪಕ್ಷವೂ ನಾನೇ. ಕಟ್ಟಿದ ಮನೆ ಕೊಂಡರೆ ಗೋಡೆ ಬಿರುಕು ಬಿಡುತ್ತದೆ ಎಂದು ಬೆಳಿಗ್ಗೆ ವಾದಿಸಿದರೆ, ಖಾಲಿ ಜಾಗ ಕೊಂಡರೆ ಮಂದಿ ತಿಪ್ಪೆ ಮಾಡುತ್ತಾರೆ ಎಂದು ಸಂಜೆ ವಾದಿಸಿದೆ. ಬ್ಯಾಂಕಿನಲ್ಲೇ ಇಟ್ಟರೆ ಸಾಕಲ್ಲ ಎಂಬ ಸಾಧಾರಣ ವಿಚಾರವನ್ನು, ಅದು ಸಾಧಾರಣ ಎಂಬ ಕಾರಣಕ್ಕೇ ಸಭೆಯಿಂದ ಹೊರಹಾಕಿದೆ. ಕೊನೆಗೆ ನೆನಪಾಯಿತು, ದುಡ್ಡಿನ ಒಡತಿಯನ್ನು ಕೇಳಿಯೇ ಇಲ್ಲ.

"ನಿನಗ ಏನ ಬೇಕ ಹೇಳ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನನಗ ಕಾಲ ಇಡಾಕ ಒಂದೀಟ ಮಣ್ಣ ಬೇಕ್ರಿ. ಸಣ್ಣದಿದ್ರೂ ನಡೀತೈತಿ. ಖರೇ ಇರಬೇಕು."

ಇಷ್ಟೇ ಅವಳ ಬೇಡಿಕೆ. ಇದನ್ನು ಈಡೇರಿಸಲು ನನ್ನಂಥ ಸರ್ವಜ್ಞನಿಗೆ ಎಷ್ಟು ಹೊತ್ತು?

ಅದಾದ ಮೂರನೇ ದಿನ ಅಂಗಡಿಗೆ ಕಾಂತೇಶ ಎಂಬವನು ಬಂದ. ಇಸ್ತ್ರಿ ಅಂಗಿ, ಎರಡು ಮೊಬೈಲು, ಹಣೆಗೆ ಅಗಲವಾದ ಅರಿಸಿನದ ಭಂಡಾರ. ಪ್ಲಾಟ್ ಮಾರುವವನು. ಇಂಥವರ ಮೇಲೆಯೇ ನಾನು ಮೂರು ಸಲ ಬೆಂಕಿ ಕಾರಿದ್ದೆ. ಅವನು ಕಾಗದ ಕೊಡುವ ಮೊದಲು ನನ್ನ ಕಾಲು ಮುಟ್ಟಿದ.

"ಮೂರೂ ಲೇಖನ ಓದೇನಿ ಕಾಕಾ. ಕತ್ತರಿಸಿ ಫೈಲಿನಾಗ ಇಟ್ಟೇನಿ. ಈ ಕಳ್ಳರ ನಡುವ ನಾ ಒಬ್ಬಾವ ನೆಟ್ಟಗ ಅದೇನಿ ಅನ್ನೂದು ನಿಮಗ ಬಿಟ್ರ ಮತ್ಯಾರಿಗೆ ತಿಳೀತೈತಿ ಹೇಳ್ರಿ."

ಓದುಗರೇ, ನನ್ನ ಲೇಖನ ಕತ್ತರಿಸಿ ಇಟ್ಟುಕೊಂಡವನನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು. ನೀವು ಯಾರಾದರೂ ಮೊದಲೇ ಇಟ್ಟುಕೊಂಡಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ಅವನು ಒಂದೇ ಒಂದು ಹಾಳೆ ಜೆರಾಕ್ಸಿಗೆ ಕೊಟ್ಟ, ಒಂದು ಪ್ರತಿ ನನಗೇ ಇರಲಿ ಅಂದ. ಕರಾರು ಪತ್ರದ ಕೊನೆಯ ಪುಟ. ಉಗರಗೋಳದ ರೈತ ಅಂದಾನೆಪ್ಪನ ಸಹಿ, ಇಬ್ಬರು ಸಾಕ್ಷಿಗಳು, ಮುದ್ರೆ. ಹಿಂದಿನ ಪುಟಗಳೆಲ್ಲಿ ಎಂದು ಹೊಸ ಗಿರಾಕಿಯನ್ನು ನಾನು ತಪ್ಪದೆ ಗದರಿಸುತ್ತೇನೆ. ಅಂದು ಗದರಿಸಲಿಲ್ಲ. ನನ್ನದೇ ಯಂತ್ರದ ಹೊಟ್ಟೆಯಿಂದ ಬಿಸಿಬಿಸಿಯಾಗಿ ಹುಟ್ಟಿಬಂದ ಹಾಳೆ ನನಗೇ ಸುಳ್ಳು ಹೇಳೀತೇ ಎಂಬ ಮಮತೆ.

ಮರುದಿನ ಜಾಗ ತೋರಿಸಿದ. ಉಗರಗೋಳದ ರಸ್ತೆಗೆ ಹೊಂದಿಕೊಂಡ ಖಾಲಿ ನೆಲ, ಎದುರಿಗೆ ಎಲ್ಲಮ್ಮನ ಗುಡ್ಡ, ಹಿಂದೆ ಆಳೆತ್ತರದ ಜೋಳ. ಸಾಲಾಗಿ ಬಿಳಿ ಕಲ್ಲು, ಒಂದೊಂದರ ಮೇಲೂ ಕೆಂಪು ನಂಬರು.

"ಹದಿನೇಳು ಕಾರ್ನರ್, ಕಾಕಾ. ನಿಮಗಂತ ಇಟ್ಟೇನಿ. ನಿಮಗ ರೇಟೂ ಬ್ಯಾರೆ."

"ಸರ್ಕಾರದ ಪರವಾನಗಿ?"

"ಫೈಲ್ ಒಳಗ ಐತ್ರಿ. ಸಹಿ ಒಂದ ಬಾಕಿ."

ಈ 'ಸಹಿ ಒಂದ ಬಾಕಿ' ಎಂಬ ಮಾತಿನ ಮೇಲೆಯೇ ನನ್ನ ಎರಡನೇ ಲೇಖನ ಇತ್ತು. ಆದರೂ ಎಳ್ಳಮಾಸೆ ಮುಗಿದ ಮರುದಿನ ಮುಂಗಡ ಕೊಡುವುದೆಂದು ಕೈಮೇಲೆ ಕೈ ಹಾಕಿದೆ.

ಮನೆಗೆ ಬಂದು ವರದಿ ಒಪ್ಪಿಸಿದಾಗ ನಾಗರತ್ನಾ ಕೇಳಿದ್ದು ಒಂದೇ ಪ್ರಶ್ನೆ. "ಹೊಲದವ್ರನ್ನ ಮಾತಾಡ್ಸೀರೇನ್ರಿ?"

"ಕಾಗದಾ ಮಾತಾಡ್ಸೇನಿ" ಅಂದೆ ಗಂಭೀರವಾಗಿ.

"ಅದು ನಿಮ್ಮ ಜೋಡಿ ಮಾತಾಡ್ತೈತಿ ಬಿಡ್ರಿ, ನಾವರೆ ಎಲ್ಲಿ ಮಾತಾಡ್ತೇವಿ." ಆಮೇಲೆ ಮೆಲ್ಲಗೆ ಹೇಳಿದಳು. "ಎಳ್ಳಮಾಸಿ ದಿವಸ ಆ ಜಾಗಕ್ಕ ಬುತ್ತಿ ಒಯ್ಯೋಣು. ನಾ ಚರಗಾ ಚೆಲ್ಲಿ ಭಾಳ ವರ್ಷ ಆತು."

ಎಳ್ಳಮಾಸೆಯಂದು ನಮ್ಮ ಕಡೆಯ ಒಕ್ಕಲು ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಬುತ್ತಿಯಲ್ಲಿ ಒಂದು ಪಾಲನ್ನು ಭೂಮಿತಾಯಿಗೆ ಚೆಲ್ಲುತ್ತಾ ಹೊಲ ಸುತ್ತುತ್ತಾರೆ. ಅದೇ ಚರಗ. ಆದರೆ ಪ್ಲಾಟಿಗೆ?

"ಪ್ಲಾಟಿಗೆ ಯಾರರೆ ಚರಗಾ ಚೆಲ್ತಾರೇನ? ಅಲ್ಲೇನ ಬೆಳೀತೈತಿ, ಸಿಮೆಂಟ?"

"ಸಿಮೆಂಟರೆ ಬೆಳೀಲಿ" ಅಂದಳು.

ಅವಳ ಮುಖ ನೋಡಿ ವಾದ ಬಿಟ್ಟೆ. ಪಾಪ, ತವರಿನ ಹೊಲದ ನೆನಪು, ಹೆಂಗಸಿನ ಮೆತ್ತನೆಯ ಮನಸ್ಸು ಎಂದುಕೊಂಡೆ. ಈ ವಾಕ್ಯವನ್ನು ನೀವು ಓದುವಾಗ ನಗಬಹುದು. ನಾಗರತ್ನಾ ಈಗಾಗಲೇ ನಕ್ಕಿದ್ದಾಳೆ.

ಎಳ್ಳಮಾಸೆಯ ಬೆಳಿಗ್ಗೆ ನನ್ನ ಸ್ಕೂಟರು ಲಾರಿಯಾಯಿತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಬುಟ್ಟಿ ನಾಗರತ್ನಾಳ ತೊಡೆಯ ಮೇಲೆ. ಶೇಂಗಾ ಹೋಳಿಗೆಯ ಡಬ್ಬಿ ನನ್ನ ಕಾಲುಗಳ ನಡುವೆ. ಎಣ್ಣೆಗಾಯಿ ಬದನೆಕಾಯಿ ಹ್ಯಾಂಡಲ್ಲಿಗೆ ತೂಗಿ, ಪ್ರತಿ ತಿರುವಿನಲ್ಲೂ ನನ್ನ ಮೊಣಕಾಲಿಗೆ ಎಣ್ಣೆಯ ಅಭಿಷೇಕ. ಉಗರಗೋಳ ತಲುಪುವಷ್ಟರಲ್ಲಿ ನನ್ನ ಬಿಳಿ ಪಾಯಿಜಾಮ ಉಣ್ಣಲು ಯೋಗ್ಯವಾಗಿತ್ತು.

ಹದಿನೇಳನೇ ನಂಬರಿನ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪಾಂಡವರು ಐವರು. ನಾಗರತ್ನಾ ನಾಲ್ಕೂ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದಳು. ಆಮೇಲೆ ಪಕ್ಕದ ಹದಿನೆಂಟಕ್ಕೆ ಹೋಗಿ ಅಲ್ಲಿನ ಕಲ್ಲಿಗೆ ಕೈ ಹಾಕಿ ಎಳೆದಳು. ಐದನೆಯವನಾದ ಸಹದೇವ ಗಜ್ಜರಿ ಕಿತ್ತ ಹಾಗೆ ಕೈಗೆ ಬಂದ. ನಾಲ್ಕು ಬೆರಳಿನಷ್ಟೂ ಆಳ ಹೂತಿರಲಿಲ್ಲ. ಅವಳು ಕಲ್ಲಿನ ಬುಡ ನೋಡಿದಳು, ನನ್ನ ಮುಖ ನೋಡಿದಳು, ಅದಕ್ಕೂ ಕುಂಕುಮ ಹಚ್ಚಿದಳು.

"ಹೊಸಾ ಕಲ್ಲು. ಇನ್ನೂ ಕುಂತಿಲ್ಲ" ಅಂದೆ.

"ಹೌದ್ರಿ. ನೀವು ನೀರ ಹಿಡೀರಿ."

ಅವಳು ಮುಂದೆ ಚರಗ ಚೆಲ್ಲುತ್ತಾ, ನಾನು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಹೊರಟೆವು. ಹಿಂದೆ ಬರುವವನು ಕೂಗಬೇಕು. ತಾಲೂಕಿನ ಭ್ರಷ್ಟರನ್ನು ನಡುಗಿಸಿದ ಲೇಖಕ ನಾನು ಮೆಲ್ಲನೆ, "ಹುಲ್ಲುಲಿಗ್ಯೋ, ಚಲ್ಲಂಬರಿಗ್ಯೋ" ಅಂದೆ.

"ದೊಡ್ಡ ದನಿ ತಗೀರಿ. ಭೂಮಿತಾಯಿಗೆ ಕೇಳಬೇಕು."

ತೆಗೆದೆ.

"ಇನ್ನೂ ದೊಡ್ಡದ. ಆ ಜ್ವಾಳದಾಚಿಗೆ ಕೇಳಬೇಕು."

ಭೂಮಿತಾಯಿ ಜೋಳದ ಆಚೆ ಏಕಿದ್ದಾಳೆ ಎಂದು ನಾನು ಯೋಚಿಸಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಜೋಳದ ಒಳಗಿನಿಂದ ಅಷ್ಟೇ ದೊಡ್ಡದಾಗಿ, "ಚಲ್ಲಂಬರಿಗ್ಯೋ" ಎಂದು ಉತ್ತರ ಬಂತು. ದಂಟು ಸರಿಸಿಕೊಂಡು ರುಮಾಲು ಸುತ್ತಿದ ಮುದುಕನೊಬ್ಬ ಹೊರಬಂದ. ಹಿಂದೆ ಬುಟ್ಟಿ ಹೊತ್ತ ಹೆಂಡತಿ.

"ಯಾರ್ರಿ ಅದು, ಅಂದಾನೆಪ್ಪನ ಹೊಲದಾಗ ಅಂದಾನೆಪ್ಪಗಿಂತ ಮದಲ ಚರಗಾ ಚೆಲ್ಲಾವ್ರು?" ಮಾತಿನಲ್ಲಿ ಸಿಟ್ಟಿರಲಿಲ್ಲ, ನಗುತ್ತಿದ್ದ.

ನಾನು ತಂಬಿಗೆ ಹಿಡಿದೇ ಎದೆ ಸೆಟೆಸಿದೆ. "ಇದು ನಮ್ಮ ಜಾಗಾ. ಹದಿನೇಳನೇ ನಂಬರ್."

"ಓ, ಹದಿನೇಳ ನಿಮ್ಮದ? ಹಂಗಾದ್ರ ಸರಿ. ಆದ್ರ ಭಾಳ ಲಗೂನ ಬಂದೀರಿ. ಬನದ ಹುಣ್ಣಿವಿ ಜಾತ್ರಿಗೆ ಇನ್ನೂ ಹದಿನೈದ ದಿನ ಐತಿ. ಗಾಡಿ ಎಲ್ಲಿ?"

"ಯಾವ ಗಾಡಿ?"

"ನಿಂದ್ರಸೂ ಗಾಡಿ. ಟ್ರ್ಯಾಕ್ಟರೋ ಟೆಂಪೋನೋ?" ಅವನ ಕಣ್ಣು ನನ್ನ ಸ್ಕೂಟರಿನ ಮೇಲೆ ಬಿತ್ತು. "ಇದೊಂದಕ್ಕ ಇಡೀ ಹದಿನೇಳ ಹಿಡದೀರೇನ್ರಿ ಸಾಹೇಬ್ರ? ಮೂಲ್ಯಾಗ ಹಂಗ ನಿಂದ್ರಸೀದ್ರ ನಾ ಏನರೆ ಅಂತಿದ್ನೇನು?"

ನಾನು ಕಿಸೆಯಿಂದ ಆ ಕೊನೆಯ ಪುಟ ತೆಗೆದು ಅವನ ಮುಂದೆ ಹಿಡಿದೆ. ಎಣ್ಣೆಗಾಯಿಯ ಜಿಡ್ಡು ಅಲ್ಲಿಗೂ ತಲುಪಿತ್ತು.

ಅವನು ದೂರ ಹಿಡಿದು ನೋಡಿದ. "ಸಹಿ ನಂದ. ಮ್ಯಾಲಿನ ಹಾಳಿ ಎಲ್ಲಿ? ಗುಡ್ಡಕ್ಕ ಬರೂ ಮಂದಿ ಗಾಡಿ ನಿಂದ್ರಸಾಕ ನಾಕ ತಿಂಗಳ ಜಾಗಾ ಬಾಡಿಗಿ ಕೊಟ್ಟೇನಂತ ಮ್ಯಾಲ ಬರದೈತಿ. ಆ ಕಾಂತೇಶ ಗಾಡಿಗೊಂದ ನಂಬರ ಇರಲಿ ಅಂತ ಕಲ್ಲ ಇಟ್ಟಾನ. ಹುಣ್ಣಿವಿಗೋಳು ಮುಗದ ಮ್ಯಾಲ ಕಿತಗೊಂಡ ಹೋಗ್ತಾನ. ಮುಂಗಾರಿಗೆ ನಾ ಹೆಸರ ಬಿತ್ತಬೇಕು."

"ಹೊಲಾ ಮಾರಿಲ್ಲ?"

"ಮಾರಾವ ಎಳ್ಳಮಾಸಿಗೆ ಬುತ್ತಿ ತರ್ತಾನೇನ್ರಿ?"

ನೆಲ ಬಾಯಿ ಬಿಡಲಿ, ನಾನು ಹದಿನೇಳನೇ ನಂಬರಿನೊಳಗೆ ಇಳಿದುಹೋಗುತ್ತೇನೆ ಎಂದು ಕಾದೆ. ನೆಲ ಬಾಯಿ ಬಿಡಲಿಲ್ಲ. ಅದು ನನ್ನದಾಗಿರಲಿಲ್ಲವಲ್ಲ, ನನ್ನ ಮಾತು ಏಕೆ ಕೇಳೀತು?

ಅಂದಾನೆಪ್ಪನ ಹೆಂಡತಿ ತಂಗೆವ್ವ ಆಗಲೇ ನಾಗರತ್ನಾಳ ಕೈ ಹಿಡಿದುಕೊಂಡಿದ್ದಳು. "ಬಾ ತಂಗಿ, ಕೂಡೇ ಉಣ್ಣೂಣು. ಚರಗಾ ಚೆಲ್ಲಿದಾಕಿ ಹಸಗೊಂಡ ಹೋದ್ರ ಹೊಲಕ್ಕ ಚಲೋ ಅಲ್ಲ."

ಬದುವಿನ ಮೇಲೆ ಕುಳಿತೆವು. ಅವರ ಪುಂಡಿಪಲ್ಯ ನಮ್ಮ ರೊಟ್ಟಿಗೆ, ನಮ್ಮ ಹೋಳಿಗೆ ಅವರ ತುಪ್ಪಕ್ಕೆ. ನಾಗರತ್ನಾ ಚಪ್ಪಲಿ ಕಳಚಿ, ಕರಿ ಮಣ್ಣಿನಲ್ಲಿ ಎರಡೂ ಪಾದ ಊರಿ, ಬೆರಳುಗಳನ್ನು ಒಳಗೆ ತುರುಕಿ ಕುಳಿತಿದ್ದಳು. ಸಣ್ಣ ಹುಡುಗಿಯ ಹಾಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವಳ ಪಾದಗಳನ್ನು ಅಷ್ಟು ಸುಖವಾಗಿ ಕಂಡದ್ದಿಲ್ಲ. ನಾನು ರೊಟ್ಟಿಯ ಅಂಚು ಮುರಿಯುತ್ತಾ ಕುಳಿತಿದ್ದೆ. ಅವಳು ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಇಟ್ಟಳು.

ಹಿಂದಿರುಗುವಾಗ ಸ್ಕೂಟರಿನ ಮೇಲೆ ಕೇಳಿದೆ. "ನಿನಗ ಮದಲ ಗೊತ್ತಿತ್ತೇನು?"

"ಇಲ್ರಿ. ಎಳ್ಳಮಾಸಿಗೆ ಹೊಲದಾವ ಹೊಲಕ್ಕ ಬರ್ತಾನ ಅನ್ನೂದಷ್ಟ ಗೊತ್ತಿತ್ತು. ಯಾರೂ ಬರ್ಲಿಲ್ಲಂದ್ರ ಮಾರ್ಯಾರ, ನೀವು ಹೇಳಿದ್ದ ಖರೆ ಅಂತ ತಿಳ್ಕೊತಿದ್ದೆ." ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದಿನಿಂದ ಮತ್ತೆ ದನಿ ಬಂತು. "ನಮ್ಮ ಅಣ್ಣಗೋಳು ಈ ವರ್ಷ ಚರಗಕ್ಕ ಎಲ್ಲೂ ಹೋಗಿಲ್ಲ. ಮುಂಜಾನೆ ಫೋನ್ ಮಾಡಿದ್ದೆ. ಮನ್ಯಾಗ ಅದಾರ."

ಉಗರಗೋಳದಿಂದ ಸವದತ್ತಿವರೆಗೆ ಗಾಡಿ ಮೆಲ್ಲಗೆ ಓಡಿಸಿದೆ.

ಮರುದಿನ ಕಾಂತೇಶ ನಗುತ್ತಾ ಮುಂಗಡಕ್ಕೆ ಬಂದ. ಮೇಲಿನ ಹಾಳೆ ಕೊಡು ಅಂದೆ. ಅವನ ನಗು ಅರ್ಧಕ್ಕೆ ನಿಂತಿತು. "ಕಾಕಾ, ಹಂಗ ಸಂಶೆ ಮಾಡಬ್ಯಾಡ್ರಿ. ಒಂಬತ್ತ ಮಂದಿ ಆಗಲೇ ಕೊಟ್ಟಾರ. ಜೆರಾಕ್ಸ್ ಕಾಕಾ ಹದಿನೇಳ ಹಿಡದಾರ ಅಂದ ಕೂಡ್ಲೆ ಯಾರೂ ಎರಡನೇ ಮಾತ ಆಡ್ಲಿಲ್ಲ." ಅಷ್ಟು ಹೇಳಿ ಹೊರಗೆ ಹೋದವನು ತಿರುಗಿ ಬರಲಿಲ್ಲ. ಎರಡೂ ಮೊಬೈಲು ಬಂದ್.

ನಾನು ಟೋಪಿ ಹಾಕಿಸಿಕೊಳ್ಳಲಿದ್ದೆ ಎಂಬುದು ಸಣ್ಣ ಮಾತು. ಒಂಬತ್ತು ತಲೆಗೆ ಹಾಕುವ ಟೋಪಿಗಳನ್ನು ತೂಗಿಡಲು ನನ್ನನ್ನೇ ಮೊಳೆ ಮಾಡಿ ಗೋಡೆಗೆ ಹೊಡೆದಿದ್ದ. ಮೂರು ಲೇಖನ ಬರೆದು ಸಂಪಾದಿಸಿದ ನಂಬಿಕೆಯನ್ನು ಅವನು ಒಂದೇ ವಾಕ್ಯದಲ್ಲಿ ಖರ್ಚು ಮಾಡಿದ್ದ. ಸಂಜೆ ಮನೆಯಲ್ಲಿ ತಲೆಮೇಲೆ ಕೈಹೊತ್ತು ಕುಳಿತಾಗ ನಾಗರತ್ನಾ ಹಾಳೆ, ಪೆನ್ನು ತಂದಿಟ್ಟಳು.

"ಬರೀರಿ ಇದನ್ನ."

"ನನ್ನ ಮರ್ಯಾದಿ ಹೋಗ್ತೈತಿ."

"ಒಂಬತ್ತ ಮಂದಿ ಮನಿಗಿಂತ ಅದೇನ ದೊಡ್ಡದಲ್ಲ, ಹೋಗ್ಲಿ. ನಾ ಹೇಳತೇನಿ, ನೀವು ಬರೀರಿ."

ಹೀಗೆ, ಈ ಅಂಕಣದ ಇತಿಹಾಸದಲ್ಲೇ ಮೊದಲ ಸಲ ನಾನು ಗುಮಾಸ್ತ, ಲೇಖಕಿ ಅವಳು. ಅವಳ ದುಡ್ಡು ಅವಳ ಪುಸ್ತಕದಲ್ಲೇ ಇದೆ. ಮುಂದೆ ಮನೆಯೋ ಜಾಗವೋ, ಅವಳು ಕಾಲಿಟ್ಟು ನೋಡಿ ಹೇಳುತ್ತಾಳೆ. ಸ್ಕೂಟರು ಓಡಿಸುವ ಕೆಲಸ ನನಗೆ ಕೊಟ್ಟಿದ್ದಾಳೆ.

ಇನ್ನು ನಿಮ್ಮ ವಿಷಯ. ನನ್ನ ಹೆಸರು ಕೇಳಿ ದುಡ್ಡು ಕೊಟ್ಟ ಒಂಬತ್ತು ಮಂದಿ ಈ ಪತ್ರಿಕೆ ಓದುತ್ತೀರಿ ಎಂದು ನಂಬಿದ್ದೇನೆ. ಸೋಮವಾರ ಹತ್ತು ಗಂಟೆಗೆ ಅಂಗಡಿಗೆ ಬನ್ನಿ. ಅಂದಾನೆಪ್ಪ ಮೇಲಿನ ಹಾಳೆಗಳನ್ನು ತರುತ್ತಾನೆ, ಪೊಲೀಸ್ ಠಾಣೆಗೆ ಕೊಡುವ ಅರ್ಜಿಯನ್ನು ನಾನೇ ಟೈಪ್ ಮಾಡುತ್ತೇನೆ. ನನ್ನನ್ನು ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ಸಹಿ ಹಾಕಿ. ಮತ್ತೆ, ಒಬ್ಬರೇ ಬರಬೇಡಿ. ಮನೆಯಲ್ಲಿ ಹೆಂಡತಿಯನ್ನು ಕೇಳದೆ ಕೊಟ್ಟಿದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತು. ಇವತ್ತೇ ಹೇಳಿ, ಅವರನ್ನೂ ಕರೆದುಕೊಂಡು ಬನ್ನಿ.