ಚಳಿಗಾಲದ ಜೇನು

ಏಲ್ಸಾ: ಆ ಕೈನ ಜೇಬಿಂದ ಆಚೆ ತೆಗಿ ಅಂದೆ.

ಮರ್ಡಾಕ್: ಚಳಿ ಕಣೇ. ಆಗಸ್ಟ್ ತಿಂಗಳು. ಕುರಿ ಬಾನೀಲಿ ನೀರು ಗಡ್ಡೆ ಕಟ್ಟಿದೆ, ನೋಡ್ಲಿಲ್ವಾ?

ಏಲ್ಸಾ: ಒಲೆ ಮುಂದೆ ಕೂತಿದೀಯ. ಒಂದೇ ಕೈಗೆ ಚಳಿಯಾ? ಚೀಸ್ ರೋಲ್ ಬೇರೆ ಎಡಗೈಲಿ ತಿಂತಿದೀಯ. ಮದುವೆಯಾದಾಗಿಂದ ನೀನು ಎಡಗೈಲಿ ಬಾಗಿಲು ಕೂಡ ತೆಗೆದವನಲ್ಲ.

ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲ್ಯಾಂಡಿನಲ್ಲಿ ಆಗಸ್ಟ್ ಎಂದರೆ ಕೊರೆಯುವ ಚಳಿಗಾಲ. ಮರ್ಡಾಕ್ ಗಾಲ್‌ಬ್ರೇತ್ ಅಲ್ಲಿನ ಒಂದು ಕಣಿವೆಗೆ ನಲವತ್ತು ವರ್ಷ ಪಶುವೈದ್ಯನಾಗಿದ್ದವನು. ನಿವೃತ್ತನಾದ ಮೇಲೆ ಒಂದಿಷ್ಟು ಕುರಿ ಸಾಕಿಕೊಂಡಿದ್ದ. ಉಪದೇಶಕ್ಕೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ. ಮರುದಿನ ಊರ ಸಭಾಂಗಣದಲ್ಲಿ ಯುವ ರೈತರಿಗೆ ಲಸಿಕೆ ಹಾಕುವುದನ್ನು ಅವನೇ ಮಾಡಿ ತೋರಿಸಬೇಕಿತ್ತು. ಪೆಟ್ರೋಲ್ ಬಂಕು, ಅಂಗಡಿ, ಚರ್ಚು, ಎಲ್ಲಿ ನೋಡಿದರೂ ಅವನದೇ ಭಿತ್ತಿಪತ್ರ. ಹೆಬ್ಬೆರಳೆತ್ತಿ ನಗುತ್ತಿರುವ ಮರ್ಡಾಕ್, ಕೆಳಗೆ ದಪ್ಪಕ್ಷರದಲ್ಲಿ "ಸೂಜಿ ಕುರಿಗೆ, ಬೆರಳಿಗಲ್ಲ".

ಅಂದು ಬೆಳಿಗ್ಗೆ ಗಬ್ಬದ ಕುರಿಗಳಿಗೆ ಲಸಿಕೆ ಹಾಕುವಾಗ ಒಂದು ಕುರಿ ಕೊಸರಿತು. ಅದನ್ನು ಬಲಗೈಯಿಂದ ಅದುಮಿ ಹಿಡಿದು ಎಡಗೈಯಿಂದ ಚುಚ್ಚಲು ಹೋದಾಗ, ಎತ್ತಿ ಹಿಡಿದಿದ್ದ ಚರ್ಮದ ಮಡಿಕೆಯನ್ನು ತೂರಿಕೊಂಡು ಸೂಜಿ ಭಿತ್ತಿಪತ್ರದ ಅದೇ ಹೆಬ್ಬೆರಳಿಗೆ ಹೊಕ್ಕಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ನೋವೇನೋ ತಡೆಯಬಹುದಿತ್ತು, ನಾಚಿಕೆಯನ್ನು ತಡೆಯುವುದು ಕಷ್ಟವಾಗಿತ್ತು.

ಮರ್ಡಾಕ್: (ಕೈ ಹೊರಗೆ ತೆಗೆದು) ಗೇಟಿಗೆ ಸಿಕ್ಕಿಹಾಕ್ಕೊಂಡ್ತು. ಅಷ್ಟೇ.

ಏಲ್ಸಾ: ಅಯ್ಯೋ ದೇವ್ರೇ! ಇದು ಬೆರಳಾ, ಆಲೂಗಡ್ಡೆನಾ? ಯಾವ ಗೇಟು?

ಮರ್ಡಾಕ್: ಕೆಳಗಿನ ಗೇಟು.

ಏಲ್ಸಾ: ಅದನ್ನ ಬೇಸಿಗೇಲೇ ಕಿತ್ತು ಹಾಕಿದ್ವಲ್ಲ.

ಮರ್ಡಾಕ್: ಅದೇ... ಕಿತ್ತು ಹಾಕಿದ್ದನ್ನ ಎತ್ತಿಡೋಕೆ ಹೋಗಿದ್ದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಪಕ್ಕದ ಹೊಲದ ವಿರೆಮು ಒಳಗೆ ಬಂದ. ಒಂದು ಕಾಲದಲ್ಲಿ ಉಣ್ಣೆ ಕತ್ತರಿಸುವುದರಲ್ಲಿ ಹೆಸರು ಮಾಡಿದವನು, ಈಗ ಅವನಿಗೂ ಸ್ವಂತ ಹಿಂಡಿದೆ. ಕೈಯಲ್ಲಿ ಅರ್ಧ ಈರುಳ್ಳಿ ಹಿಡಿದಿದ್ದ.

ವಿರೆಮು: ತಗೋ ಡಾಕ್ಟ್ರೇ, ಗಸಗಸ ತಿಕ್ಕು. ಜೇನು ಕಚ್ಚಿದ್ದಕ್ಕೆ ಇದಕ್ಕಿಂತ ಮದ್ದಿಲ್ಲ.

ಏಲ್ಸಾ: ಯಾವ ಜೇನು?

ವಿರೆಮು: ಬೇಲಿ ಹತ್ರ ಸಿಕ್ಕಿದಾಗ ಇವನೇ ಹೇಳಿದ್ನಲ್ಲ, ಜೇನು ಕಚ್ತು ಅಂತ.

ಏಲ್ಸಾ: ನಂಗೆ ಗೇಟು ಅಂದ.

ವಿರೆಮು: ಪಾಪ, ಗೇಟಿಗೂ ಜೇನಿಗೂ ಒಟ್ಟಿಗೆ ಸಿಕ್ಕಿಬಿದ್ದಿದ್ದಾನೆ.

ಮರ್ಡಾಕ್: ಹೂಂ, ಹಾಗೇ ಆಗಿದ್ದು. ಜೇನು ಕಚ್ತು, ಗಾಬರೀಲಿ ಗೇಟು ಕೈಬಿಟ್ಟೆ.

ಏಲ್ಸಾ: ಮತ್ತೆ ಬೆಳಿಗ್ಗೆ ಯುವ ರೈತರ ಸಂಘದವರಿಗೆ ಫೋನಲ್ಲಿ ಹೇಳ್ತಿದ್ದೆ? "ವಾತ ಎದ್ದಿದೆ, ನಾಳೆ ಕೈಗವಸು ಹಾಕ್ಕೊಂಡೇ ಬರ್ತೀನಿ" ಅಂತ?

ಮರ್ಡಾಕ್: ವಾತಾನೂ ಸ್ವಲ್ಪ ಇದೆ.

ಏಲ್ಸಾ ಕುರ್ಚಿ ಎಳೆದುಕೊಂಡು, ಅವನಿಂದ ಒಂದಿಷ್ಟು ದೂರದಲ್ಲಿ ಕೂತಳು. ಆ ದೂರದ ಅರ್ಥ ಮರ್ಡಾಕ್‌ಗೆ ತಕ್ಷಣ ಗೊತ್ತಾಯಿತು. ಕಾಯಿಲೆಯ ಕುರಿಯ ಮುಂದೆ ತಾನು ಕೂರುತ್ತಿದ್ದುದೂ ಹಾಗೆಯೇ.

ಏಲ್ಸಾ: ನೀನೇ ಹೇಳ್ಕೊಟ್ಟಿದ್ದು. ಮೊದಲು ದೂರದಿಂದ ನೋಡು. ಆಮೇಲೆ ಯಜಮಾನನ್ನ ಕೇಳು. ಆಮೇಲೇ ಮುಟ್ಟು.

ವಿರೆಮು: ಪ್ರಾಣಿ ಸುಳ್ಳು ಹೇಳಲ್ಲ, ಯಜಮಾನ ಹೇಳ್ತಾನೆ ಅಂತಾನೂ ಹೇಳ್ಕೊಟ್ಟಿದ್ದ.

ಏಲ್ಸಾ: ಇಲ್ಲಿ ಎರಡೂ ಒಂದೇ ಕುರ್ಚೀಲಿ ಕೂತಿದಾವೆ. ಇರ್ಲಿ. ಹಿಂಡು ಬಿಟ್ಟು ಮೂಲೆ ಸೇರಿದೆ. ಕಣ್ಣು ತಪ್ಪಿಸ್ತಿದೆ. ಮೇವಂತೂ ಬಿಟ್ಟಿಲ್ಲ.

ವಿರೆಮು: ಕಿವಿ ಕೆಂಪಗಿದೆ.

ಮರ್ಡಾಕ್: ನಾನು ಕುರಿ ಅಲ್ಲ!

ಏಲ್ಸಾ: ಕುರಿಗೆ ಇಷ್ಟು ಹಟ ಇರಲ್ಲ. ನೂರು ಲಕ್ಷಣ ಕಂಡ್ರೆ ನೂರು ರೋಗ ಹುಡುಕ್ಬೇಡಿ, ಎಲ್ಲಕ್ಕೂ ಹೊಂದೋ ಒಂದು ರೋಗ ಹುಡುಕಿ ಅಂತಿದ್ದೆ. ಗೇಟು, ಜೇನು, ವಾತ. ಮೂರಕ್ಕೂ ಹೊಂದೋದು ಒಂದೇ.

ಮರ್ಡಾಕ್: ಯಾವುದು?

ಏಲ್ಸಾ: ಸುಳ್ಳು. ಬೆಳಿಗ್ಗೆ ಲಸಿಕೆ ಹಾಕುವಾಗ ಏನಾಯ್ತು?

ಮರ್ಡಾಕ್‌ನ ಕಣ್ಣು ಒಲೆಯ ಪಕ್ಕ ಒಣಗಲಿಟ್ಟಿದ್ದ ಕೈಗವಸಿನ ಕಡೆ ಹರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಏಲ್ಸಾ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನ ಜಾಗದಲ್ಲಿ ಸಣ್ಣದೊಂದು ತೂತಿತ್ತು.

ಮರ್ಡಾಕ್: ಸೂಜಿ. ಆಯ್ತಾ? ಸೂಜಿ ಚುಚ್ಕೊಂಡೆ.

ವಿರೆಮು: ಔಷಧ ಒಳಗೆ ಹೋಯ್ತಾ?

ಮರ್ಡಾಕ್: ಔಷಧ ಅಲ್ಲ ಮಾರಾಯ, ಲಸಿಕೆ! ಔಷಧ ರೋಗದ ಜೊತೆ ತಾನೇ ಜಗಳ ಆಡುತ್ತೆ. ಲಸಿಕೆ ಆಡಲ್ಲ. ಹಲ್ಲು ಕಿತ್ತ ಕಳ್ಳನ್ನ ತಂದು, ಈ ಮುಖ ನೆನಪಿಟ್ಕೋ ಅಂತ ಮೈಗೆ ತೋರಿಸುತ್ತೆ. ಮೊದಲನೇ ಸಲ ಮೈ ಅರ್ಧಂಬರ್ಧ ಕಲಿಯುತ್ತೆ. ಎರಡನೇ ಡೋಸಿಗೆ ಪಾಠ ಗಟ್ಟಿ. ಗಬ್ಬದ ಕುರಿಗೆ ಹಾಕಿದ್ರೆ ಆ ಶಕ್ತಿ ಗಿಣ್ಣು ಹಾಲಲ್ಲಿ ಮರಿಗೂ...

ವಿರೆಮು: ಹಾಗಾದ್ರೆ ನೀನು ಗಿಣ್ಣು ಕೊಡೋದೊಂದು ಬಾಕಿ.

ಏಲ್ಸಾ: ಬೆರಳು ಊದ್ಕೊಂಡು ಒಡೆಯೋ ಹಾಗಿದೆ, ಇವನಿಗೆ ಪಾಠ! ನಡಿ ಆಸ್ಪತ್ರೆಗೆ. "ಚುಚ್ಚಿಕೊಂಡರೆ ತಕ್ಷಣ ಆಸ್ಪತ್ರೆ" ಅಂತ ಭಿತ್ತಿಪತ್ರದ ಕೆಳಗೆ ನೀನೇ ಹಾಕ್ಸಿದೀಯ.

ಮರ್ಡಾಕ್: ಅದನ್ನ ಬೇರೆಯವರಿಗೆ ಹಾಕ್ಸಿದ್ದು. ನಾನು ಹೋದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ನಾಳೆ ಆ ಹುಡುಗರ ಮುಂದೆ ಯಾವ ಮುಖ ಹೊತ್ಕೊಂಡು ನಿಲ್ಲಲಿ?

ವಿರೆಮು ಎಡಗೈಯ ಅಂಗಿತೋಳು ಮಡಚಿದ. ಮೊಣಕೈ ಕೆಳಗೆ ಹಳೆಯದೊಂದು ಗಂಟಿತ್ತು.

ಮರ್ಡಾಕ್: ಅದು ಗೊತ್ತು. ಜೇನು ಕಚ್ಚಿದ್ದು. ನಾನೇ ಅಡುಗೆ ಸೋಡಾ ಹಚ್ಚಿದ್ದೆ.

ವಿರೆಮು: ಆಗಸ್ಟಲ್ಲಿ ಯಾವ ಜೇನು ಹಾರುತ್ತೆ ಡಾಕ್ಟ್ರೇ?

ಪ್ರತಿ ವರ್ಷ ಲಸಿಕೆಯ ಕಾಲಕ್ಕೆ ಸರಿಯಾಗಿ ಕಣಿವೆಯವರಿಗೆಲ್ಲ ಜೇನು ಕಚ್ಚುತ್ತಿದ್ದುದು ಮರ್ಡಾಕ್‌ಗೆ ನೆನಪಾಯಿತು. ಈ ಕಣಿವೆಯ ಜೇನಿಗೆ ಚಳಿಯಲ್ಲೂ ನಿದ್ದೆಯಿಲ್ಲ ಎಂದು ಅವನೊಂದು ಸಿದ್ಧಾಂತವನ್ನೇ ಕಟ್ಟಿದ್ದ.

ಮರ್ಡಾಕ್: ಜೇನು ಸಾಕೋರ ಸಂಘದಲ್ಲಿ ಅದರ ಮೇಲೆ ಉಪನ್ಯಾಸ ಕೊಟ್ಟಿದ್ದೆ! ಒಬ್ಬರೂ ತುಟಿ ಪಿಟಕ್ ಅನ್ಲಿಲ್ಲ!

ವಿರೆಮು: ಅವರಲ್ಲೂ ಅರ್ಧ ಜನಕ್ಕೆ ಕುರಿ ಇದಾವೆ.

ಮರ್ಡಾಕ್: ಯಾಕೆ ಯಾರೂ ನಿಜ ಹೇಳ್ಲಿಲ್ಲ?

ವಿರೆಮು: ನಮ್ಮಣ್ಣ ಹೇಳಿದ್ನಲ್ಲ, ಮೊದಲನೇ ವರ್ಷ. ಕೊಟ್ಟಿಗೇಲಿ ಎಲ್ಲರ ಮುಂದೆ ಅವನ ಬೆರಳು ಎತ್ತಿ ಹಿಡಿಸಿ, ಟೀ ಆರಿ ತಣ್ಣಗಾಗೋವರೆಗೂ ಭಾಷಣ ಬಿಗಿದೆ. ಅದು ನಮಗೆಲ್ಲ ಮೊದಲ ಡೋಸು. ಮುಂದಿನ ವರ್ಷ ಇನ್ನೊಬ್ಬನಿಗೆ ಬಿಗಿದೆ, ಅದು ಬೂಸ್ಟರ್. ಅಲ್ಲಿಂದಾಚೆ ನಿನ್ನ ಭಾಷಣದ ವಿರುದ್ಧ ಇಡೀ ಊರಿಗೆ ರಕ್ಷಣೆ ಬಂತು.

ಮರ್ಡಾಕ್: (ಹೆಂಡತಿಯ ಕಡೆ ತಿರುಗಿ) ನಿಂದು ಗೇಟು ತಾನೆ? ಆ ವರ್ಷ ಕೈ ಊದಿದ್ದು?

ಏಲ್ಸಾ: ಅದಕ್ಕೇ ಇವತ್ತು ನೀನು ಗೇಟು ಅಂದ ತಕ್ಷಣ ಗೊತ್ತಾಯ್ತು. ಅದು ನನ್ನ ಸುಳ್ಳು. ಕೇಳದೆ ತಗೊಂಡಿದೀಯ.

ಮರ್ಡಾಕ್ ನಗಲು ಹೋದ, ಆಗಲಿಲ್ಲ.

ಮರ್ಡಾಕ್: ನಲವತ್ತು ವರ್ಷ ತಪ್ಪು ರೋಗಾನೇ ಕಂಡುಹಿಡಿದಿದೀನಿ. ಕುರಿಗಳು ಸುಳ್ಳು ಹೇಳ್ಲಿಲ್ಲ, ಅದಕ್ಕೆ ಅನ್ನ ತಿಂದೆ. ಅಲ್ಲಾ, ಯಾರಾದ್ರೂ ಬೆರಳು ಕಳ್ಕೊಂಡಿದ್ರೆ?

ವಿರೆಮು: ಅಣ್ಣ ಎರಡನೇ ಸಲ ಚುಚ್ಕೊಂಡಾಗ ಆಸ್ಪತ್ರೇಲೂ ಜೇನು ಅಂದ್ಬಿಟ್ಟ. ಆ ಬೆರಳು ಇವತ್ತಿಗೂ ಮಡಚಲ್ಲ.

ಇದನ್ನು ವಿರೆಮು ತಮಾಷೆಯಾಗಿ ಹೇಳಲಿಲ್ಲ. ಮರ್ಡಾಕ್‌ಗೆ ಅಳುವೇ ಬಂತು. ಎದ್ದು ಎಡಗೈಯಿಂದಲೇ ಟೋಪಿ ಹಾಕಿಕೊಂಡ.

ಮರ್ಡಾಕ್: ನಡೀರಿ. ನಾಳೆ ಕೈಗವಸು ಬೇಡ. ಈ ಬೆರಳನ್ನೇ ತೋರಿಸ್ತೀನಿ.

ಏಲ್ಸಾ: ಭಾಷಣ?

ಮರ್ಡಾಕ್: ಚಿಕ್ಕದು.

ವಿರೆಮು: ರೋಗಿ ಇನ್ನೂ ಪೂರ್ತಿ ಗುಣ ಆಗಿಲ್ಲ.

ಊರ ಆಸ್ಪತ್ರೆಯಲ್ಲಿ ಜೇನು ಸಾಕುವವರ ಸಂಘದ ಅಧ್ಯಕ್ಷ ಹೇಮಿಷ್ ರಾಟ್ರೇ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಮರ್ಡಾಕ್‌ನನ್ನು ಕಂಡವನೇ ತನ್ನ ಬಲಗೈಯನ್ನು ಮಫ್ಲರಿನೊಳಗೆ ತೂರಿಸಿದ. ನರ್ಸ್ ಬ್ರೋನ್ವಿನ್ ಮರ್ಡಾಕ್‌ನ ಹೆಬ್ಬೆರಳನ್ನು ತಿರುಗಿಸಿ ನೋಡಿದಳು.

ನರ್ಸ್: ಜೇನಾ, ಗೇಟಾ?

ಮರ್ಡಾಕ್: (ಎಲ್ಲರಿಗೂ ಕೇಳುವಂತೆ) ಸೂಜಿ. ಕುರಿ ಲಸಿಕೆ. ತಪ್ಪು ನಂದೇ.

ನರ್ಸ್: (ಒಳಗಡೆ ಕೂಗಿ) ಡಾಕ್ಟರ್, ಸ್ವಲ್ಪ ಬನ್ನಿ! ಈ ಕಣಿವೆಗೆ ಹೊಸ ಕಾಯಿಲೆ ಬಂದಿದೆ!

ಬೆಂಚಿನ ಮೇಲೆ ಹೇಮಿಷ್ ಕೊಂಚ ಹೊತ್ತು ಮಿಸುಕಾಡಿದ. ಕೊನೆಗೆ ಮಫ್ಲರಿನಿಂದ ಕೈ ಹೊರಗೆ ತೆಗೆದ. ತೋರುಬೆರಳು ಊದಿಕೊಂಡು ಕೆಂಪಗಿತ್ತು.

ಹೇಮಿಷ್: ಅಂಟುರೋಗ ಅಂತ ಕಾಣುತ್ತೆ, ಸಿಸ್ಟರ್.